ಎಂಎಸ್ ಇದ್ದವರು ಉಪ್ಪು ಪೂರ್ತಿ ಬಿಡಬೇಕಾ?

ಮಳೆನಾಡು: ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ರೋಗನಿರೋಧಕ ಶಕ್ತಿಯೇ ಮೆದುಳು, ಬೆನ್ನುಹುರಿಯ ನರಗಳಿಗೆ ಹಾನಿ ಮಾಡೋ ಕಾಯಿಲೆ), ಮರುಕಳಿಸುವ ಬಗೆಯದ್ದು. ಉಪ್ಪು ತಿಂದರೆ ರೋಗನಿರೋಧಕ ಕೋಶಗಳು ಕೆರಳಿ ನರಗಳ ಮೇಲೇ ಬೀಳುತ್ತವೆ ಅನ್ನೋ ವಾಟ್ಸಾಪ್ ಮೆಸೇಜ್ ನೋಡಿ ಸಾರಿಗೂ ಉಪ್ಪು ಹಾಕ್ತಿಲ್ಲ, ನೀರು ಮಾತ್ರ ಲೀಟರ್‌ಗಟ್ಟಲೆ ಕುಡೀತಾಳೆ. ಮುಖದ ನರನೋವಿಗೆ ಕಾರ್ಬಮಜೆಪಿನ್ ನಡೀತಿದೆ. ಸೈಂಧವ ಉಪ್ಪು ಆಗುತ್ತಾ?

ಬಿಳಿಕೋಟು: ಮೆಸೇಜಿನ ಬೇರು 2013ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನಗಳಲ್ಲಿದೆ. ಉಪ್ಪು ಹೆಚ್ಚಿದಾಗ ಎಸ್‌ಜಿಕೆ1 ಎಂಬ ಕಿಣ್ವ ಚುರುಕಾಗಿ, ಟಿ ಜೀವಕೋಶಗಳು (ಒಂದು ಬಗೆಯ ರೋಗನಿರೋಧಕ ಕೋಶ) ಉರಿಯೂತ ಹುಟ್ಟಿಸುವ ಟಿಎಚ್17 ಬಗೆಗೆ ತಿರುಗಿದವು. ಎಂಎಸ್ ಹೋಲುವ ಕಾಯಿಲೆ ಬರಿಸಿದ ಇಲಿಗಳಲ್ಲಿ ಅದು ಉಲ್ಬಣಿಸಿತು. ಆದರೆ ಆ ಇಲಿಗಳ ಮೇವಿನಲ್ಲಿ 4% ಉಪ್ಪು, ಕುಡಿಯೋ ನೀರಿನಲ್ಲೂ 1%! ಯಾವ ಮನೆಯ ಸಾರೂ ಅಷ್ಟು ಉಪ್ಪಾಗಿರಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ, 2015ರ ಅರ್ಜೆಂಟೀನಾದ ಸಣ್ಣ ಅಧ್ಯಯನದಲ್ಲಿ ಉಪ್ಪು ಹೆಚ್ಚು ತಿನ್ನುವವರಿಗೆ ರಿಲ್ಯಾಪ್ಸ್ (ರೋಗ ಮರುಕಳಿಸೋದು) ಹೆಚ್ಚು ಕಂಡಿತ್ತು. 2017ರಲ್ಲಿ 465 ರೋಗಿಗಳ ಮೂತ್ರದ ಸೋಡಿಯಂ (ತಿಂದ ಉಪ್ಪಿನ ಅಂದಾಜು ಕೊಡುತ್ತೆ) ಅಳೆದು ನೋಡಿದಾಗ ರಿಲ್ಯಾಪ್ಸ್‌ಗಾಗಲಿ ಎಂಆರ್‌ಐ ಬದಲಾವಣೆಗಾಗಲಿ ನಂಟು ಸಿಗಲಿಲ್ಲ. ನಾನು ಎರಡನೆಯದಕ್ಕೇ ಹೆಚ್ಚು ತೂಕ ಕೊಡ್ತೀನಿ. ಬಿಪಿ ದೃಷ್ಟಿಯಿಂದ ದಿನಕ್ಕೆ 5 ಗ್ರಾಂ ಒಳಗೆ ಇಟ್ಟರೆ ಸಾಕು.

ಔಷಧಿ ಡಬ್ಬಿ: ಇಲ್ಲಿ ನನಗೆ ಹೆದರಿಕೆ ಕಾರ್ಬಮಜೆಪಿನ್‌ದು. ಅದು ಮೂತ್ರಪಿಂಡ ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡಿ ರಕ್ತದ ಸೋಡಿಯಂ ಇಳಿಸುತ್ತೆ. ಮೇಲಿಂದ ಸಪ್ಪೆ ಊಟ, ಲೀಟರ್‌ಗಟ್ಟಲೆ ನೀರು ಸೇರಿದರೆ ಇನ್ನೂ ಇಳಿಯುತ್ತೆ. ತಲೆನೋವು, ವಾಕರಿಕೆ, ಓಲಾಡುವ ನಡಿಗೆ, ಮಂಕು: ಇದನ್ನೇ ರಿಲ್ಯಾಪ್ಸ್ ಅಂದುಕೊಳ್ಳೋದು ಸುಲಭ. ಈ ವಾರವೇ ಸೀರಂ ಸೋಡಿಯಂ ರಕ್ತಪರೀಕ್ಷೆ ಮಾಡಿಸಿ. 135ರಿಂದ 145 ಇರಬೇಕು. ಕಡಿಮೆ ಬಂದರೆ ನೀವೇ ಉಪ್ಪು ತಿನ್ನಿಸೋದಾಗಲಿ, ಮಾತ್ರೆ ನಿಲ್ಲಿಸೋದಾಗಲಿ ಬೇಡ, ವೈದ್ಯರಿಗೆ ಅವತ್ತೇ ತಿಳಿಸಿ. ಗೊಂದಲ, ಅತಿಯಾದ ತೂಕಡಿಕೆ, ಫಿಟ್ಸ್ ಕಂಡರೆ ಎಮರ್ಜೆನ್ಸಿಗೇ ಹೋಗಿ.

ಸೈಂಧವದಲ್ಲೂ ಇರೋದು ಬಹುಪಾಲು ಸೋಡಿಯಂ ಕ್ಲೋರೈಡೇ. ಅಯೋಡಿನ್ ಬೆರೆಸಿದ್ದಲ್ಲದಿದ್ದರೆ ಆ ಲಾಭವೂ ಹೋಯ್ತು. 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತೆ. ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು, ಹಾಗಾಗಿ ಕಿಡ್ನಿ ತೊಂದರೆ ಇದ್ದವರು, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಬಿಪಿ, ಹೃದಯದ ಮಾತ್ರೆ ತಗೊಳ್ಳೋರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಅಡುಗೆಮನೆ ಲೆಕ್ಕ: ಅಳೆಯೋಕೆ ಸುಲಭ ದಾರಿ: ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೀರಿ. ನಾಲ್ಕು ಜನಕ್ಕೆ ತಲಾ 5 ಗ್ರಾಂನಂತೆ ತಿಂಗಳಿಗೆ 600 ಗ್ರಾಂ. ಒಂದು ಕೆಜಿ ತಿಂಗಳಲ್ಲೇ ಮುಗಿದರೆ ಜಾಸ್ತಿ ಆಯ್ತು (ಉಪ್ಪಿನಕಾಯಿ ಹಾಕಿದ ತಿಂಗಳು ಲೆಕ್ಕಕ್ಕಿಲ್ಲ). ಹೊರಗಿನ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬ್ರೆಡ್ ಇದರ ಮೇಲೆ. ಲೇಬಲ್‌ನಲ್ಲಿ ಸೋಡಿಯಂ ಅಂತ ಇದ್ದರೆ 2.5ರಿಂದ ಗುಣಿಸಿ, ಅದು ಉಪ್ಪಿನ ಲೆಕ್ಕ. ಅಡುಗೆ ಸೋಡಾ ಮರೀಬೇಡಿ, 1 ಗ್ರಾಂಗೆ 270 ಮಿ.ಗ್ರಾಂ ಸೋಡಿಯಂ.

ಮಳೆನಾಡು: ರಿಲ್ಯಾಪ್ಸ್ ಆದಾಗ ಸ್ಟೀರಾಯ್ಡ್ ಡ್ರಿಪ್ ಹಾಕೋ ದಿನಗಳಲ್ಲಿ?

ಔಷಧಿ ಡಬ್ಬಿ: ಆಗ ಉಪ್ಪು ಬಿಗಿ ಮಾಡಿ. ಮಿಥೈಲ್‌ಪ್ರೆಡ್ನಿಸೊಲೋನ್ ಅನ್ನೋ ಆ ಸ್ಟೀರಾಯ್ಡ್ ಸೋಡಿಯಂ ಹಿಡಿದಿಟ್ಟು ಪೊಟ್ಯಾಸಿಯಂ ಹೊರಹಾಕುತ್ತೆ. ಬಿಪಿ, ಶುಗರ್ ಎರಡನ್ನೂ ನೋಡ್ತಿರಿ. ಕಾಲು ಊದಿಕೊಂಡರೆ ವಾರ್ಡಿನಲ್ಲಿ ಹೇಳಿ.