ಗಡಿಯಾರ ಓಡದ ಮಗ್ಗಿ ಆಟ ಇದ್ಯಾ?

ಪ್ರಶ್ನೆ (ಕೋಲಾರದ ಅಪ್ಪ):
ಮಗಳು ನಾಲ್ಕನೇ ಕ್ಲಾಸು, ಕನ್ನಡ ಮೀಡಿಯಂ. 7ರ ಮಗ್ಗಿ ಒಂದೇ ಉಸಿರಿಗೆ ಹೇಳುತ್ತಾಳೆ. ಮಧ್ಯದಲ್ಲಿ ನಿಲ್ಲಿಸಿ 'ಏಳೆಂಟ್ಲ?' ಎಂದರೆ ಮತ್ತೆ ಏಳೊಂದ್ಲ ಏಳರಿಂದ ಶುರು. ಫೋನಿಗೆ ಒಂದು ಆಟ ಹಾಕಿಕೊಟ್ಟೆ. ಅದರಲ್ಲಿ ಸೆಕೆಂಡು ಓಡುತ್ತದೆ, ತಪ್ಪಾದರೆ ಕಿರ್ ಅಂತ ಸದ್ದು. ಎರಡೇ ದಿನಕ್ಕೆ ಅತ್ತುಬಿಟ್ಟಳು. ನನ್ನ ಕರುಳು ಚುರ್ ಎಂದಿತು. ಗಡಿಬಿಡಿ ಮಾಡದ, ಜಾಹೀರಾತು ಇಲ್ಲದ ಆಟ ಇದ್ದರೆ ಹೇಳಿ.

ಉತ್ತರ 1:
ಅಣ್ಣ, ಫೆಟ್ (PhET) ವೆಬ್‌ಸೈಟಿನ 'ಅರಿತ್ಮೆಟಿಕ್' ಆಟ ನೋಡಿ. ಕೊಲರಾಡೊ ವಿಶ್ವವಿದ್ಯಾಲಯದ್ದು, ಪೂರ್ತಿ ಉಚಿತ. ಮೊದಲ ಹಂತ 6ರವರೆಗಿನ ಮಗ್ಗಿ, ಆಮೇಲೆ 9, ಕೊನೆಗೆ 12. ಗಡಿಯಾರ, ಸದ್ದು ಎರಡನ್ನೂ ಆಫ್ ಮಾಡಬಹುದು. 56 ಕೊಟ್ಟು, ಯಾವ ಎರಡು ಸಂಖ್ಯೆ ಗುಣಿಸಿದರೆ ಇದು ಬರುತ್ತೆ ಅಂತ ಕೇಳುವ ಭಾಗವೂ ಇದೆ. ಬಾಯಿಪಾಠದ ಮಕ್ಕಳಿಗೆ ಅದೇ ಬೇಕಾದದ್ದು.

ಉತ್ತರ 2:
ಅಕ್ಷರ ಫೌಂಡೇಶನ್ನಿನ 'ಬಿಲ್ಡಿಂಗ್ ಬ್ಲಾಕ್ಸ್' ಅನ್ನೋ ಗಣಿತದ ಆ್ಯಪ್ ಕನ್ನಡದಲ್ಲೇ ಇದೆ. ಅದೂ ಉಚಿತ.

ಉತ್ತರ 3 (ಶ್ರೀನಿವಾಸಪುರದ ಟೀಚರ್):
ಆಟಕ್ಕೆ ಮೊದಲು 7ನ್ನು 5 ಮತ್ತು 2 ಅಂತ ಒಡೆಯಲು ಕಲಿಸಿ ಸರ್. ಐದೆಂಟ್ಲ 40, ಎರಡೆಂಟ್ಲ 16. ಕೂಡಿಸಿದರೆ 56. ಆಗ ಮೊದಲಿಂದ ಹೇಳಬೇಕಾಗಿಲ್ಲ, ಅಲ್ವಾ?

ಕೋಲಾರದ ಅಪ್ಪ:
ಎಲ್ಲರಿಗೂ ಧನ್ಯವಾದ. ಟೀಚರಮ್ಮ, ನೀವು ಹೇಳಿದ ಹಾಗೆ ಒಡೆಯಲು ಕಲಿಸಿದೆ. ಇವತ್ತು ಮಂಡಿಗೆ ಕರೆದುಕೊಂಡು ಹೋಗಿದ್ದೆ. ಟೊಮೆಟೊ ಬಾಕ್ಸಿಗೆ 15 ಕೆಜಿ, 7 ಬಾಕ್ಸಿಗೆ ಎಷ್ಟು ಎಂದೆ. ಸ್ವಲ್ಪ ಹೊತ್ತು ಸುಮ್ನೆ ನಿಂತಳು. 'ಏಳ್ಹತ್ಲ 70, ಏಳೈದ್ಲ 35... ಅಪ್ಪಾ, 105!'