ಪದಚರ್ಚೆ: ಭೂಪಟದ ‘ಜೂಮ್’ಗೆ ‘ಹಿಗ್ಗಿಸು’ ಸಾಕೇ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗೆ ಚಂದ್ರಗಿರಿ ಹೊಳೆಯ ಬಗ್ಗೆ ಸ್ಲೈಡುಗಳನ್ನು ಮಾಡುತ್ತಿದ್ದೇನೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಆನ್‌ಲೈನ್ ಭೂಪಟದಿಂದ ಬೇಕಾದ ನೋಟಗಳನ್ನು ಚಿತ್ರವಾಗಿ ತೆಗೆದು ಒಂದೊಂದು ಸ್ಲೈಡಿಗೆ ಒಂದೊಂದು ಹಾಕುವುದು, ಇಷ್ಟೇ ಕೆಲಸ. ಮುಂದೆ ಮಕ್ಕಳೇ ಇದನ್ನು ಮಾಡಲಿ ಅಂತ ಒಂದು ಸೂಚನೆಯ ಹಾಳೆಯನ್ನೂ ಬರೆಯುತ್ತಿದ್ದೇನೆ. ಅದರಲ್ಲಿ ‘ಜೂಮ್’ ಬಂದ ಕಡೆ ಪೆನ್ನು ನಿಂತಿದೆ.

ಹೆಚ್ಚಿನವರು ‘ಹಿಗ್ಗಿಸು’, ‘ಕುಗ್ಗಿಸು’ ಎನ್ನುತ್ತಾರೆ. ಫೋಟೊಗೆ ಇವು ಚೆನ್ನಾಗಿ ಹೊಂದುತ್ತವೆ. ಫೋಟೊ ಹಿಗ್ಗಿಸಿದರೆ ಇದ್ದದ್ದೇ ದೊಡ್ಡದಾಗುತ್ತದೆ, ಹೊಸದೇನೂ ಬರುವುದಿಲ್ಲ. ಭೂಪಟದಲ್ಲಿ ಹಾಗಲ್ಲ. ಜಿಲ್ಲೆ ಪೂರ್ತಿ ಕಾಣುವ ಹಾಗೆ ಇಟ್ಟರೆ ಚಂದ್ರಗಿರಿ ಒಂದು ನೀಲಿ ಗೆರೆ. ಅಳಿವೆಯ ಕಡೆಗೆ ಜೂಮ್ ಮಾಡುತ್ತಾ ಹೋಗಿ, ಗೆರೆಗೆ ಎರಡು ದಡ ಮೂಡುತ್ತದೆ. ಬಡಗಣ ದಡದಲ್ಲಿ ತಳಂಗರೆ, ತೆಂಕಣ ದಡದಲ್ಲಿ ಚಂದ್ರಗಿರಿ ಕೋಟೆ. ಹೊಳೆ ದಾಟುವ ರಸ್ತೆ ಬೇರೆ, ರೈಲು ಹಳಿ ಬೇರೆ ಎಂದು ಗೊತ್ತಾಗುತ್ತದೆ. ಮೊದಲು ಇಲ್ಲದ ಹೆಸರುಗಳು ಒಂದೊಂದಾಗಿ ಬರುತ್ತವೆ.

ಇದಕ್ಕೆ ಕಾರಣ ಇದೆ. ಈ ಭೂಪಟದಲ್ಲಿ ಜೂಮಿನ ಒಂದೊಂದು ಹಂತಕ್ಕೂ ಬೇರೆ ಬೇರೆ ಚಿತ್ರ ಇರುತ್ತದೆ, ಅದೂ 256 ಪಿಕ್ಸೆಲ್ ಚೌಕದ ತುಂಡುಗಳಾಗಿ. ಸೊನ್ನೆಯ ಹಂತದಲ್ಲಿ ಇಡೀ ಲೋಕ ಒಂದೇ ತುಂಡು. ಒಂದು ಹಂತ ಒಳಗೆ ಹೋದರೆ ಒಂದು ತುಂಡಿನ ಜಾಗಕ್ಕೆ ನಾಲ್ಕು. ಹೀಗೆ 19ನೇ ಹಂತದವರೆಗೆ ಹೋಗಬಹುದು. ಅಂದರೆ ಇಲ್ಲಿ ಚಿತ್ರ ಹಿಗ್ಗುವುದಲ್ಲ, ನಾವು ಊರಿಗೆ ಹತ್ತಿರವಾಗುವುದು. ಅದಕ್ಕೇ ‘ಹತ್ತಿರ ಹೋಗು’, ‘ದೂರ ಸರಿ’ ಎಂದು ಬರೆಯುವ ಮನಸ್ಸಾಗಿದೆ. ‘ಸಮೀಪಿಸು’ ಎನ್ನಬಹುದು, ಆದರೆ ಮಕ್ಕಳ ಬಾಯಿಗೆ ಅದು ಬರುವುದಿಲ್ಲ.

ಹಾಗಂತ ‘ಹಿಗ್ಗಿಸು’ ಬಿಡುವ ಹಾಗೂ ಇಲ್ಲ. ಸ್ಲೈಡಿಗೆ ಬಂದ ಮೇಲೆ ಭೂಪಟ ಬರೀ ಚಿತ್ರ. ಅದರ ಮೂಲೆ ಹಿಡಿದು ಎಳೆದರೆ ಆಗುವುದು ಹಿಗ್ಗುವುದೇ, ಅಕ್ಷರಗಳೆಲ್ಲ ಮಸುಕು. ನನ್ನ ಹಾಳೆಯಲ್ಲಿ ಈ ವಾಕ್ಯ ಬೇಕೇ ಬೇಕು: “ಹೆಸರು ಓದಲು ಆಗದಿದ್ದರೆ ಸ್ಲೈಡಿನ ಚಿತ್ರವನ್ನು ಹಿಗ್ಗಿಸಬೇಡಿ; ಭೂಪಟಕ್ಕೆ ಮರಳಿ, ಇನ್ನೂ ಹತ್ತಿರ ಹೋಗಿ, ಹೊಸ ಚಿತ್ರ ತೆಗೆಯಿರಿ.” ಎರಡಕ್ಕೂ ‘ಹಿಗ್ಗಿಸು’ ಎಂದೇ ಬರೆದರೆ ಈ ಮಾತು ಹೇಳಲಿಕ್ಕೇ ಆಗುವುದಿಲ್ಲ, ಅಲ್ವಾ?

ಸ್ಕೇಲಿನ ಬಗ್ಗೆಯೂ ಒಂದು ಮಾತು. 1:50,000 ಎನ್ನುವುದು ಕಾಗದದ ಭೂಪಟಕ್ಕೆ ಸರಿ, ಅಲ್ಲಿ ಒಂದು ಸೆಂಟಿಮೀಟರ್ ಅಂದರೆ ಅರ್ಧ ಕಿಲೋಮೀಟರ್. ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಟ್ಟ ಕೂಡಲೇ ಆ ಲೆಕ್ಕ ಸುಳ್ಳಾಗುತ್ತದೆ. ಭೂಪಟದ ಮೂಲೆಯಲ್ಲಿ ಇಷ್ಟು ಉದ್ದಕ್ಕೆ ಇಷ್ಟು ದೂರ ಎಂದು ತೋರಿಸುವ ಗೆರೆ ಮಾತ್ರ ಚಿತ್ರದ ಜೊತೆಗೇ ಉದ್ದವಾಗುವುದರಿಂದ ಸರಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಚಿತ್ರ ಕತ್ತರಿಸುವಾಗ ಆ ಗೆರೆಯನ್ನು ಬಿಡಲೇಬಾರದು. ಅದನ್ನು ‘ಅಳತೆಪಟ್ಟಿ’ ಎಂದರೆ ಮಕ್ಕಳು ಕಂಪಾಸ್ ಪೆಟ್ಟಿಗೆಗೆ ಕೈ ಹಾಕುತ್ತಾರೆ. ನಾನು ‘ಅಳತೆಗೆರೆ’ ಎಂದು ಬರೆದಿದ್ದೇನೆ. ಹಾಗೆಯೇ ಭೂಪಟದ ಪ್ರತಿ ಸ್ಲೈಡಿನ ಕೆಳಗೂ ‘ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು’ ಎಂದು ಹಾಕಿಸುತ್ತೇನೆ. ಅದು ಲೈಸೆನ್ಸಿನ ಷರತ್ತು, ಎಷ್ಟೋ ಜನ ಬಿಟ್ಟುಬಿಡುತ್ತಾರೆ.

‘ನಕ್ಷೆ’ ಬಿಟ್ಟು ‘ಭೂಪಟ’ ಯಾಕೆ ಅಂತ ಯಾರಾದರೂ ಕೇಳಬಹುದು. ಇಲ್ಲಿಯ ಮಕ್ಕಳಿಗೆ ಮಲಯಾಳಂನ ‘ಭೂಪಟಂ’ ಹೇಗೂ ಗೊತ್ತು. ನಕ್ಷೆ ಅಂದರೆ ಮನೆ ಕಟ್ಟುವ ಪ್ಲ್ಯಾನೂ ಆಗುತ್ತದೆ. ‘ಸ್ಲೈಡ್’ ಇದ್ದ ಹಾಗೇ ಇರಲಿ.

ಈಗ ನನ್ನ ಪ್ರಶ್ನೆ. ಭೂಪಟದಲ್ಲಿ ಜೂಮ್ ಮಾಡುವ ಬಟನ್ನಿನ ಮೇಲೆ ಜಾಗ ಕಡಿಮೆ. ಪ್ಲಸ್ ಗುರುತಿಗೆ ‘ಹತ್ತಿರ’, ಮೈನಸ್ಸಿಗೆ ‘ದೂರ’ ಎಂದಷ್ಟೇ ಬರೆದರೆ ಅರ್ಥವಾದೀತೇ, ಅಥವಾ ಕ್ರಿಯಾಪದ ಇರಲೇಬೇಕೇ? ಅಕ್ಕಲಕೋಟೆ, ಜತ್ತ, ಆದೋನಿ, ಹೊಸೂರಿನ ಕಡೆ ಕನ್ನಡದಲ್ಲಿ ಪಾಠ ಮಾಡುವವರು ತರಗತಿಯಲ್ಲಿ ಏನು ಹೇಳುತ್ತೀರಿ? ಪುಸ್ತಕದ ಪದಕ್ಕಿಂತ ಮಕ್ಕಳು ಆಡುವ ಮಾತು ಗೊತ್ತಿದ್ದರೆ ಅದನ್ನೇ ಬರೆಯಿರಿ.