ಕೂಸಿಗೆ ಕಲಿಸುವ ಕೈಸನ್ನೆಗೆ ‘ಸನ್ನೆ ಭಾಷೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಚಾರ ಕೇಳಬೇಕಿತ್ತು, ಸ್ವಲ್ಪ ಉದ್ದ ಆಗುತ್ತದೆ. ಕಿವಿ ಚೆನ್ನಾಗಿಯೇ ಕೇಳಿಸುವ, ಆದರೆ ಇನ್ನೂ ಮಾತು ಬಾರದ ಕೂಸುಗಳಿಗೆ ಹಾಲು, ಸಾಕು, ಇನ್ನೂ ಬೇಕು, ನಿದ್ದೆ ಇಂಥ ಹತ್ತಿಪ್ಪತ್ತು ಪದಗಳನ್ನು ಕೈಯಲ್ಲಿ ಹೇಳಲು ಮನೆಯಲ್ಲೇ ಕಲಿಸುತ್ತಾರಲ್ಲ, ಇಂಗ್ಲಿಷಿನಲ್ಲಿ ಬೇಬಿ ಸೈನ್ ಅನ್ನುತ್ತಾರೆ, ಅದಕ್ಕೆ ಕನ್ನಡದಲ್ಲಿ ಏನನ್ನೋಣ? ‘ಮಗುಗೆ ಸನ್ನೆ ಭಾಷೆ ಕಲಿಸ್ತಿದೀನಿ’ ಅಂತಲೇ ನಾನು ಆರು ತಿಂಗಳು ಎಲ್ಲರಿಗೂ ಹೇಳಿಕೊಂಡು ಬಂದೆ. ಈಗ ಹಾಗೆ ಹೇಳಲು ಮನಸ್ಸು ಒಪ್ಪುತ್ತಿಲ್ಲ.

ಮಗಳಿಗೆ ಈಗ ಹದಿನಾಲ್ಕು ತಿಂಗಳು. ಎಂಟು ತಿಂಗಳಿದ್ದಾಗ ಶುರು ಮಾಡಿದೆ. ವಿಡಿಯೋಗಳಲ್ಲಿ ಸಿಗುವ ಸನ್ನೆಗಳು ಹೆಚ್ಚಿನವು ಅಮೆರಿಕದ ಕಿವುಡರ ಭಾಷೆಯಿಂದ ಎತ್ತಿಕೊಂಡವು. ಹಾಲು ಅಂದರೆ ಹಸು ಕರೆಯುವಾಗ ಹಿಂಡುತ್ತೇವಲ್ಲ ಹಾಗೆ ಮುಷ್ಟಿ ಬಿಚ್ಚಿ ಮುಚ್ಚುವುದು. ಇದನ್ನು ನೋಡಿದ ಕೂಡಲೇ ನಮ್ಮತ್ತೆಗೆ ಅರ್ಥ ಆಯಿತು, ಅವರ ತವರಲ್ಲಿ ನಾಲ್ಕು ಹಸು ಇದ್ದವು. ಇನ್ನೂ ಬೇಕು ಅಂದರೆ ಎರಡೂ ಕೈಯ ಬೆರಳುಗಳನ್ನು ಕೂಡಿಸಿ ತುದಿಗೆ ತುದಿ ತಾಗಿಸುವುದು. ಆಯಿತು, ಸಾಕು ಅಂದರೆ ಎರಡೂ ಅಂಗೈ ಬಿಚ್ಚಿ ಮಣಿಕಟ್ಟು ತಿರುಗಿಸುವುದು.

ಈ ಕೊನೆಯದರಲ್ಲೇ ನಮ್ಮ ಮನೆಯಲ್ಲಿ ಎಡವಟ್ಟಾಯಿತು. ನಾನು ಆಫೀಸಿಗೆ ಹೋದಾಗ ಅತ್ತೆ ಮಗುವಿಗೆ ತಾರಮ್ಮಯ್ಯ ಆಡಿಸುತ್ತಿದ್ದರು. ತಾರಮ್ಮಯ್ಯ ಅಂದರೂ ಅದೇ ಅಲ್ವಾ, ಕೈ ಎತ್ತಿ ಮಣಿಕಟ್ಟು ತಿರುಗಿಸುವುದು! ಒಂದು ಸಂಜೆ ರಾಗಿ ಸರಿ ತಿನ್ನಿಸುತ್ತಿದ್ದೆ. ನಾಲ್ಕನೇ ಚಮಚಕ್ಕೆ ಅವಳು ಎರಡೂ ಕೈ ಎತ್ತಿ ತಿರುಗಿಸಿದಳು. ಸಾಕು ಅಂತಿದಾಳೆ ಅಂತ ನಾನು ಬಟ್ಟಲು ಎತ್ತಿಟ್ಟೆ. ಅವಳು ಬಾಯಿ ಚಪ್ಪರಿಸುತ್ತಾ ಬಟ್ಟಲನ್ನೇ ನೋಡಿದಳು, ಮತ್ತೆ ಕೈ ತಿರುಗಿಸಿದಳು, ಆಮೇಲೆ ಜೋರಾಗಿ ಅಳು. ಅತ್ತೆ ಒಳಗಿಂದ ಬಂದು, ‘ಆಟ ಆಡ್ತಿತ್ತು ಕಣಮ್ಮ ಮಗು, ನೀನು ಬಟ್ಟಲು ಕಿತ್ಕೊಂಡ್ಯಲ್ಲ’ ಅಂದರು. ಆವತ್ತಿಂದ ಸಾಕು ಅನ್ನುವುದಕ್ಕೆ ಅಂಗೈ ಅಡ್ಡ ಹಿಡಿಯುವುದನ್ನು ಇಟ್ಟುಕೊಂಡೆವು. ಊಟದೆಲೆ ಮುಂದೆ ಕೂತು ಬಡಿಸುವವರಿಗೆ ನಾವು ದೊಡ್ಡವರು ಮಾಡುತ್ತೇವಲ್ಲ, ಅದೇ.

ಆಗ ಹೊಳೆದಿದ್ದು, ನಮ್ಮಲ್ಲಿ ಇದು ಮೊದಲಿಂದಲೂ ಇದೆ. ಕೈ ಮುಗಿದು ಜೋತ ಮಾಡು, ಟಾಟಾ ಮಾಡು, ಚಂದಮಾಮನನ್ನು ಕೈಬೀಸಿ ಕರೆ, ತಾಚಿ ಮಾಡು ಅಂದರೆ ಕೆನ್ನೆಯಡಿ ಅಂಗೈ. ಮುಂದೆ ಅಂಗನವಾಡಿಗೆ ಹೋದರೆ ಅಭಿನಯ ಗೀತೆ. ಆದರೆ ಇವೆಲ್ಲವನ್ನೂ ಒಟ್ಟಿಗೆ ಕರೆಯುವ ಒಂದು ಪದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಆಡಿಸೋದು ಅನ್ನುತ್ತಿದ್ದರು, ಅಷ್ಟೇ.

ಇನ್ನು ‘ಸನ್ನೆ ಭಾಷೆ’ ಯಾಕೆ ಬೇಡ ಅನ್ನಿಸಿತು ಅಂದರೆ, ನಮ್ಮ ಆಫೀಸಿನಲ್ಲಿ ಒಬ್ಬರು ಕಿವುಡ ಸಹೋದ್ಯೋಗಿ ಇದ್ದಾರೆ, ಅವರ ಹೆಂಡತಿಯೂ ಕಿವುಡರು. ನಾನು ಬಹಳ ಖುಷಿಯಿಂದ ಮಗಳ ವಿಡಿಯೋ ತೋರಿಸಿ, ಇವಳಿಗೆ ಸನ್ನೆ ಭಾಷೆ ಬರುತ್ತೆ ನೋಡಿ ಅಂತ ಮೊಬೈಲಿನಲ್ಲಿ ಟೈಪ್ ಮಾಡಿದೆ. ಅವರು ನಕ್ಕು, ಪೂರ್ತಿ ನೋಡಿ, ಆಮೇಲೆ ಟೈಪ್ ಮಾಡಿದರು: ‘ನನ್ನ ಮಗಳಿಗೂ ಕಿವಿ ಕೇಳುತ್ತೆ. ಅವಳು ನಮ್ಮ ಜೊತೆ ಜಗಳ ಆಡ್ತಾಳೆ, ಕತೆ ಹೇಳ್ತಾಳೆ, ಸುಳ್ಳೂ ಹೇಳ್ತಾಳೆ, ಎಲ್ಲ ಕೈಯಲ್ಲೇ. ಅದು ಭಾಷೆ. ನಿಮ್ಮದು ಹನ್ನೆರಡು ಪದ.’ ಕೋಪದಿಂದ ಹೇಳಿದ್ದಲ್ಲ. ಆದರೂ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅವರು ಹೇಳಿದ್ದು ನಿಜ. ಕಿವುಡರ ಕೈಮಾತು ಬರೀ ಹಾವಭಾವ ಅಲ್ಲ, ಅದಕ್ಕೆ ತನ್ನದೇ ವ್ಯಾಕರಣ ಇದೆ ಅಂತ ಅಮೆರಿಕದ ಕಿವುಡರ ಕಾಲೇಜಾದ ಗ್ಯಾಲಡೆಟ್‌ನಲ್ಲಿ ಪಾಠ ಮಾಡುತ್ತಿದ್ದ ವಿಲಿಯಂ ಸ್ಟೋಕಿ 1960ರಲ್ಲೇ ಬರೆದು ತೋರಿಸಿದರು. ನಮ್ಮ ದೇಶದ ಸನ್ನೆ ಭಾಷೆ ಬೇರೆ, ಅಮೆರಿಕದ್ದು ಬೇರೆ. ಇಂಗ್ಲಿಷ್ ಅಕ್ಷರಗಳನ್ನು ಅವರು ಒಂದೇ ಕೈಯಲ್ಲಿ ತೋರಿಸಿದರೆ ನಮ್ಮಲ್ಲಿ ಎರಡೂ ಕೈ ಬೇಕು. ನಮ್ಮದರಲ್ಲಿ ಏನು, ಎಲ್ಲಿ, ಯಾರು ಅನ್ನುವ ಪ್ರಶ್ನೆಪದ ವಾಕ್ಯದ ಕೊನೆಗೆ ಬರುತ್ತದೆ. ‘ನಿಮ್ಮ ಹೆಸರು ಏನು’ ಅಂತ ನಾವು ಕೇಳುವ ಹಾಗೇ! ಸ್ವತಃ ಕಿವುಡರಾದ ಮದನ್ ವಸಿಷ್ಠ ಮತ್ತು ಅವರ ಜೊತೆಗಾರರು 1970ರ ದಶಕದ ಕೊನೆಯಿಂದಲೇ ದಿಲ್ಲಿ, ಮುಂಬೈ, ಕೋಲ್ಕತ್ತಗಳ ಜೊತೆ ಬೆಂಗಳೂರಿನ ಸನ್ನೆಗಳನ್ನೂ ಅಧ್ಯಯನ ಮಾಡಿ ಪುಸ್ತಕ ತಂದಿದ್ದಾರೆ. 2015ರಲ್ಲಿ ಇದಕ್ಕೇ ಅಂತ ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಆಯಿತು. ಅವರ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ಕ್ಕೆ 10,000 ಮುಟ್ಟಿತು. ಇಷ್ಟು ದೊಡ್ಡದಕ್ಕೆ ಇರುವ ಹೆಸರನ್ನು ನಾನು ನನ್ನ ಮಗಳ ಹನ್ನೆರಡು ಪದಕ್ಕೆ ಅಂಟಿಸಿಬಿಟ್ಟಿದ್ದೆ. ಕನ್ನಡದ ಹತ್ತು ಪದ ಬಂದವರಿಗೆ ಕನ್ನಡ ಬರುತ್ತೆ ಅಂದರೆ ನಾವು ಒಪ್ಪುತ್ತೇವಾ?

ಹಾಗಾಗಿ ಬೇರೆ ಪದ ಹುಡುಕುತ್ತಾ ಹೋದೆ. ‘ಸನ್ನೆ’ ಒಳ್ಳೆಯ ಪದ, ಸಂಸ್ಕೃತದ ಸಂಜ್ಞೆಯಿಂದ ಬಂದ ತದ್ಭವ, ಎಲ್ಲರಿಗೂ ಗೊತ್ತು. ಪಾಠಪುಸ್ತಕದಲ್ಲಿ ಸನ್ನೆಕೋಲು ಇದ್ದರೂ ಗೊಂದಲ ಏನೂ ಆಗುವುದಿಲ್ಲ. ತೊಡಕು ಇರುವುದು ‘ಸನ್ನೆ ಮಾಡು’ ಅನ್ನುವುದರಲ್ಲಿ. ‘ಅವನು ಸನ್ನೆ ಮಾಡಿದ’ ಅಂದರೆ ನಮಗೆ ಮೊದಲು ಕಾಣುವುದು ಕಣ್ಸನ್ನೆ, ಯಾರಿಗೂ ತಿಳಿಯದ ಹಾಗೆ ಕೊಟ್ಟ ಸೂಚನೆ. ಹಾಲು ಬೇಕು ಅಂತ ಎಲ್ಲರೆದುರು ಮುಷ್ಟಿ ಹಿಂಡುವ ಮಗುವಿನಲ್ಲಿ ಗುಟ್ಟೇನೂ ಇಲ್ಲ. ‘ಸೈನ್ ಮಾಡು’ ಅಂದರೆ ರುಜು ಹಾಕು ಅಂತ ಆಗುತ್ತದೆ. ‘ಕೈ ಮಾಡು’ ಅಂದರೆ ಕೆಲವು ಕಡೆ ಬಸ್ಸಿಗೆ ಕೈ ಅಡ್ಡ ಹಾಕುವುದು, ನಮ್ಮ ಕಡೆ ಹೊಡೆಯುವುದು.

ತಮಿಳಿನಲ್ಲಿ ಸೈಗೈ, ತೆಲುಗಿನಲ್ಲಿ ಸೈಗ ಇದೆ, ನಮ್ಮಲ್ಲೂ ಸೈಗೆ ಅಂತ ನಿಘಂಟಿನಲ್ಲಿ ಸಿಗುತ್ತದೆ, ಆದರೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಆಡುವುದಿಲ್ಲ. ಸಂಕೇತ ಅಂದರೆ ಗೂಢಲಿಪಿ ನೆನಪಾಗುತ್ತದೆ, ಮುದ್ರೆ ಅಂದರೆ ನಾಟ್ಯ. ‘ಮೂಗರ ಭಾಷೆ’ ಅಂತ ಈಗಲೂ ಹೇಳುವವರಿದ್ದಾರೆ. ದಯವಿಟ್ಟು ಅದನ್ನು ಬಿಟ್ಟುಬಿಡೋಣ. ಕೈಯಲ್ಲಿ ಅಷ್ಟೆಲ್ಲ ಮಾತಾಡುವವರನ್ನು ಮಾತಿಲ್ಲದವರು ಅನ್ನುವುದು ತಪ್ಪು, ಅವರಿಗೆ ಅದು ನೋವು ಕೊಡುತ್ತದೆ.

ಇನ್ನೊಂದು ಸಣ್ಣ ವಿಷಯ. ಕಿವಿ ಕೇಳುವ ಮಕ್ಕಳನ್ನು ಸುಮ್ನೆ ‘ಕೇಳುವ ಮಕ್ಕಳು’ ಅಂತ ಬರೆದಿದ್ದನ್ನು ನೋಡಿದ್ದೇನೆ. ಕನ್ನಡದಲ್ಲಿ ಕೇಳು ಅಂದರೆ ಪ್ರಶ್ನೆ ಹಾಕುವುದೂ ಹೌದು, ಬೇಡುವುದೂ ಹೌದು. ‘ಕಿವಿ’ ಸೇರಿಸದೆ ವಾಕ್ಯ ನಿಲ್ಲುವುದಿಲ್ಲ.

ನನಗೆ ಸದ್ಯಕ್ಕೆ ಹಿಡಿಸಿರುವುದು ಇಷ್ಟು. ಕಿವುಡರದ್ದು ಸನ್ನೆ ಭಾಷೆ. ಮನೆಯಲ್ಲಿ ನಾವು ಕಲಿಸುವುದು ಕೂಸುಸನ್ನೆ. ಮಗು ಅದನ್ನು ತನಗೆ ಬಂದ ಹಾಗೆ ಮಾಡುತ್ತದಲ್ಲ, ಅದು ತೊದಲುಸನ್ನೆ. ನನ್ನ ಮಗಳಿಗೆ ಬೆರಳು ಕೂಡಿಸಲು ಬರುತ್ತಿರಲಿಲ್ಲ, ಇನ್ನೂ ಬೇಕು ಅನ್ನುವುದಕ್ಕೆ ಒಂದು ಬೆರಳಿಂದ ಇನ್ನೊಂದು ಅಂಗೈ ಕುಟ್ಟುತ್ತಿದ್ದಳು. ನೀರನ್ನು ‘ನೀಯಿ’ ಅನ್ನುವ ಹಾಗೇ ಅದು. ತೊದಲುನುಡಿ ಇರುವಾಗ ತೊದಲುಸನ್ನೆ ಯಾಕೆ ಬೇಡ? ಕಿವುಡ ತಂದೆತಾಯಿಯ ಕಿವುಡ ಕೂಸುಗಳು ಕೈಯಲ್ಲೇ ತೊದಲುತ್ತವೆ ಅಂತ ಲಾರಾ ಪೆಟಿಟೊ ಮತ್ತು ಜೊತೆಗಾರರು 1991ರಲ್ಲೇ ತೋರಿಸಿದ್ದಾರೆ, ಹಾಗಾಗಿ ಪದಕ್ಕೆ ಕೆಲಸ ಇದೆ.

(ಇದರಿಂದ ಬೇಗ ಮಾತು ಬರುತ್ತಾ ಅಂತ ಕೇಳುವವರಿಗೆ: ಬ್ರಿಟನ್ನಿನಲ್ಲಿ 40 ತಾಯಿ-ಮಕ್ಕಳನ್ನು ಎಂಟರಿಂದ ಇಪ್ಪತ್ತು ತಿಂಗಳವರೆಗೆ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗೇನೂ ಕಾಣಲಿಲ್ಲ. ತಾಯಂದಿರು ಮಗುವಿನ ಕಡೆ ಹೆಚ್ಚು ಗಮನ ಕೊಟ್ಟರು, ಅಷ್ಟು ಕಂಡಿತು. ನನಗೂ ಅದೇ ಅನುಭವ, ಅದೇ ಸಾಕು.)

ಉಳಿದಿರುವುದು ಕ್ರಿಯಾಪದ. ‘ಕೈಯಲ್ಲಿ ಹೇಳು’ ಅಂತ ನಾವು ಮನೆಯಲ್ಲಿ ಹೇಳುತ್ತಿದ್ದೇವೆ. ‘ಪುಟ್ಟಿ, ಏನ್ ಬೇಕು, ಕೈಯಲ್ಲಿ ಹೇಳು.’ ಇದು ಸಹಜವಾಗಿ ಬಂತು, ಯಾರೂ ಕೂತು ಕಟ್ಟಿದ್ದಲ್ಲ. ಸಹೋದ್ಯೋಗಿಗೂ ತೋರಿಸಿದೆ, ಅವರು ಹೆಬ್ಬೆರಳು ಎತ್ತಿದರು. ಆದರೆ ‘ಅವಳು ಸನ್ನೆ ಭಾಷೆ ಮಾತಾಡುತ್ತಾಳೆ’ ಅನ್ನುವಲ್ಲಿ ‘ಮಾತಾಡು’ ಸರಿಯಾ, ‘ಆಡು’ ಸರಿಯಾ ಅಂತ ಅವರನ್ನು ಕೇಳಿದಾಗ ಅವರು ಯೋಚಿಸಿ, ‘ನಿಮ್ಮ ಕನ್ನಡದವರನ್ನೇ ಕೇಳಿ’ ಅಂದರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಧಾರವಾಡ, ಮಂಗಳೂರು, ಕುಂದಾಪುರದ ಕಡೆಯವರು ದಯವಿಟ್ಟು ಬರೆಯಿರಿ: ಕೂಸಿಗೆ ತಾರಮ್ಮಯ್ಯ ಆಡಿಸುವುದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ, ಕಿವುಡರು ಕೈಯಲ್ಲಿ ಮಾತಾಡುವುದಕ್ಕೆ ನಿಮ್ಮ ಅಜ್ಜಿ ಯಾವ ಪದ ಬಳಸುತ್ತಿದ್ದರು?